ಸೈಬರ್ ಭದ್ರತೆಗೆ ಸರ್ಕಾರದ ನೆರವು: ದಾವಣಗೆರೆ, ಚಿತ್ರದುರ್ಗದವರ ಕೈಗೆ ಎಷ್ಟು ಬರುತ್ತದೆ?

ಸೈಬರ್ ಭದ್ರತೆ ಕಲಿಯುವವರಿಗೆ, ಆ ಕ್ಷೇತ್ರದಲ್ಲಿ ಕಂಪನಿ ಕಟ್ಟುವವರಿಗೆ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳು ನೆರವು ಕೊಡುತ್ತಿವೆ. ಈ ನೆರವು ತೆರಿಗೆಯ ದುಡ್ಡಿನಿಂದ ನಡೆಯುವ ಒಂದು ಸೇವೆ. ಹಾಗಾಗಿ ಬೇರೆ ಯಾವುದೇ ಸೇವೆಯಂತೆ ಇದನ್ನೂ ತೂಗಿ ನೋಡಬೇಕು. ಇಲ್ಲಿ ನೋಡಿರುವುದು ಬೆಂಗಳೂರಿನವರ ಅನುಕೂಲವನ್ನಲ್ಲ. ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿ, ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವವರು, ಪಿ.ಜೆ. ಬಡಾವಣೆಯಲ್ಲೋ ದುರ್ಗದ ಬಿ.ಡಿ. ರಸ್ತೆಯಲ್ಲೋ ಒಂದು ಕೋಣೆ ಬಾಡಿಗೆ ಹಿಡಿದು ಐಟಿ ಕೆಲಸ ಮಾಡುತ್ತಿರುವವರು, ಇವರಿಗೆ ಏನು ಸಿಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಮೊದಲೇ ಹೇಳಿಬಿಡುವುದಾದರೆ: ಕಲಿಕೆಯ ಭಾಗ ಚೆನ್ನಾಗಿದೆ, ಬಹುಪಾಲು ಪುಕ್ಕಟೆ, ಮನೆಯಲ್ಲೇ ಕೂತು ಪಡೆಯಬಹುದು. ಇಂಟರ್ನ್‌ಶಿಪ್ ಒಳ್ಳೆಯ ಯೋಜನೆ, ಆದರೆ ಸೀಟು ತೀರಾ ಕಡಿಮೆ. ಹೊಸ ಕಂಪನಿಗಳಿಗೆ ಕೊಡುವ ನೆರವು ನಿಜವಾದದ್ದೇ, ಆದರೆ ಮೊದಲು ಖರ್ಚು ಮಾಡಿ ಆಮೇಲೆ ಕೇಳಬೇಕು. ದೊಡ್ಡ ಕೊರತೆ ಇನ್ನೊಂದು ಕಡೆ ಇದೆ. ಕಲಿಯುವವರಿಗೂ ಕಂಪನಿಗೂ ನೆರವಿದೆ. ಇವರಿಂದ ಕೆಲಸ ಮಾಡಿಸಿಕೊಳ್ಳಬೇಕಾದ ಊರಿನ ಸಹಕಾರಿ ಬ್ಯಾಂಕು, ನರ್ಸಿಂಗ್ ಹೋಮು, ಅಕ್ಕಿ ಗಿರಣಿಗೆ ಏನೂ ಇಲ್ಲ. ಕೊಳ್ಳುವವರಿಲ್ಲದ ಊರಿನಲ್ಲಿ ಕಲಿತವರು ನಿಲ್ಲುವುದಿಲ್ಲ.

ರಾಜ್ಯದ ಲೆಕ್ಕದಿಂದ ಶುರು ಮಾಡೋಣ. ಕರ್ನಾಟಕ ಸೈಬರ್ ಭದ್ರತಾ ನೀತಿ 2024ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಅವಧಿ ಐದು ವರ್ಷ. ಇದರಲ್ಲಿ ಎರಡು ಭಾಗ: ಒಂದು ಜನ, ಕಾಲೇಜು, ಉದ್ಯಮ, ನವೋದ್ಯಮಗಳಿಗೆ ಸಂಬಂಧಿಸಿದ್ದು, ಇನ್ನೊಂದು ಸರ್ಕಾರದ್ದೇ ಕಂಪ್ಯೂಟರು, ಜಾಲತಾಣ, ಸರ್ವರ್‌ಗಳನ್ನು ಭದ್ರ ಮಾಡುವುದು. ಒಟ್ಟು ಅಂದಾಜು 103.87 ಕೋಟಿ ರೂಪಾಯಿ, ಅದರಲ್ಲಿ ಪ್ರೋತ್ಸಾಹಧನ ಮತ್ತು ರಿಯಾಯಿತಿಗೆ 23.74 ಕೋಟಿ. ಅಂದರೆ ನೇರವಾಗಿ ಕಲಿಯುವವರ, ಉದ್ಯಮಿಗಳ ಕೈಗೆ ಬರುವ ಪಾಲು ಕಾಲು ಭಾಗಕ್ಕೂ ಕಡಿಮೆ.

ಇಂಟರ್ನ್‌ಶಿಪ್‌ಗೆ ಗೊತ್ತು ಮಾಡಿರುವುದು ಹೀಗೆ: ಪದವಿ ವಿದ್ಯಾರ್ಥಿಗಳಿಗೆ ತಿಂಗಳಿಗೆ 10,000ದಿಂದ 15,000 ರೂಪಾಯಿ, ಹೆಚ್ಚೆಂದರೆ ಮೂರು ತಿಂಗಳು, ಐದು ವರ್ಷದಲ್ಲಿ 600 ಮಂದಿಗೆ. ಸ್ನಾತಕೋತ್ತರದವರಿಗೆ 12,000ದಿಂದ 15,000, ಐದು ವರ್ಷದಲ್ಲಿ 120 ಮಂದಿಗೆ. 600ನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 120. ರಾಜ್ಯದಲ್ಲಿ 31 ಜಿಲ್ಲೆ. ಜಿಲ್ಲೆಗೆ ನಾಲ್ಕು ಸೀಟೂ ಪೂರ್ತಿ ಬರುವುದಿಲ್ಲ. ಸ್ನಾತಕೋತ್ತರದ್ದು ವರ್ಷಕ್ಕೆ 24, ಜಿಲ್ಲೆಗೆ ಒಂದೂ ಇಲ್ಲ. ದಾವಣಗೆರೆಯ ಒಂದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಿಂದ ವರ್ಷಕ್ಕೆ ಹೊರಬರುವವರ ಸಂಖ್ಯೆಯ ಮುಂದೆ ಇದು ಏನೇನೂ ಅಲ್ಲ. ಹಾಗಂತ ಅರ್ಜಿ ಹಾಕದೆ ಬಿಡುವುದು ತಪ್ಪು. ಇದೊಂದನ್ನೇ ನಂಬಿ ಕೂರುವುದು ಇನ್ನೂ ದೊಡ್ಡ ತಪ್ಪು.

ಇನ್ನು ದುಡ್ಡಿನ ವಿಷಯ. ಕೆಲಸ ಬೆಂಗಳೂರಿನಲ್ಲಿ ಆದರೆ 10,000 ರೂಪಾಯಿ ಪಿ.ಜಿ. ಬಾಡಿಗೆಗೂ ಊಟಕ್ಕೂ ಸಾಲದು. ಬೆಂಗಳೂರಿನಲ್ಲೇ ಮನೆ ಇರುವ ಹುಡುಗನಿಗೆ ಅದೇ ಹತ್ತು ಸಾವಿರ ಪೂರ್ತಿ ಉಳಿತಾಯ. ಹೊನ್ನಾಳಿಯಿಂದಲೋ ಮೊಳಕಾಲ್ಮೂರಿನಿಂದಲೋ ಹೋಗುವ ಹುಡುಗಿಗೆ ಕೈಯಿಂದ ಹಾಕಿ ಮಾಡುವ ಕೆಲಸ. ಹೊರಗಿನ ಜಿಲ್ಲೆಯವರಿಗೆ ವಸತಿ ಭತ್ಯೆ ಬೇರೆ ಕೊಡಬೇಕು, ಇಲ್ಲವೇ ಮನೆಯಿಂದಲೇ ಮಾಡುವ ಇಂಟರ್ನ್‌ಶಿಪ್‌ಗೆ ಒಂದಿಷ್ಟು ಸೀಟು ಮೀಸಲಿಡಬೇಕು. ಲಾಗ್ (ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ) ವಿಶ್ಲೇಷಣೆ, ನಿಯಮಾವಳಿ ತಪಾಸಣೆ, ಹಾನಿಕಾರಕ ತಂತ್ರಾಂಶದ, ಅಂದರೆ ಮಾಲ್‌ವೇರ್ ವರದಿ ಬರೆಯುವುದು ಇವೆಲ್ಲ ದೂರದಿಂದ ಆಗುವ ಕೆಲಸಗಳೇ.

ಈ ಯೋಜನೆಗಳ ಹಿಂದೆ ಇರುವ ಮುಖ್ಯ ಸಂಸ್ಥೆ ಸೈಸೆಕ್, ಅಂದರೆ ರಾಜ್ಯದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ಕಟ್ಟಿದ್ದು. ಅಧ್ಯಾಪಕರ ತರಬೇತಿ, ನವೋದ್ಯಮಗಳಿಗೆ ವೇಗವರ್ಧಕ ಕಾರ್ಯಕ್ರಮ, ಜಾಗೃತಿ ಕೆಲಸ ಎಲ್ಲ ಇಲ್ಲಿಂದ ನಡೆಯುತ್ತದೆ. ಪ್ರಕಟಣೆಗಳು ಬಂದು ಕೆಲವೇ ದಿನದಲ್ಲಿ ಅರ್ಜಿ ಮುಚ್ಚುವುದುಂಟು. ಆದ್ದರಿಂದ ಕಾಲೇಜಿನ ದೃಢೀಕರಣ ಪತ್ರ, ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ವಿವರ, ಮಾಡಿದ ಒಂದೆರಡು ಪ್ರಾಜೆಕ್ಟಿನ ವರದಿ ಇವನ್ನು ಒಂದು ಫೋಲ್ಡರಿನಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಪ್ರಾಂಶುಪಾಲರ ಸಹಿಗೆ ಓಡಾಡುವಷ್ಟರಲ್ಲಿ ಗಡುವು ಮುಗಿಯುತ್ತದೆ. ಮೋಹರು ಬಿದ್ದ ಪತ್ರದಲ್ಲಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಇನಿಷಿಯಲ್ ಮುಂದೆ ಹಿಂದೆ ಆದರೂ ಹಣ ಪಾವತಿಯ ಹೊತ್ತಿಗೆ ತೊಂದರೆ.

ಇಂಟರ್ನ್‌ಶಿಪ್‌ಗೆ ಐದಕ್ಕೆ ಎರಡೂವರೆ ಅಂಕ. ಯೋಜನೆ ಸರಿ, ಅಳತೆ ಸಣ್ಣದು.

ಕಲಿಕೆಗೆ ಬಂದರೆ ಚಿತ್ರ ಬೇರೆ. ರಾಜ್ಯ ಸರ್ಕಾರ ಸಿಸ್ಕೋ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ 40,000 ಮಂದಿಗೆ ಸೈಬರ್ ಭದ್ರತೆಯ ತರಬೇತಿ, ಅದರಲ್ಲಿ 20,000 ಮಂದಿ ಮಹಿಳೆಯರು ಎಂಬ ಗುರಿ ಇದೆ. ಇಂಟರ್ನ್‌ಶಿಪ್‌ನ 600ರ ಪಕ್ಕದಲ್ಲಿ ಈ 40,000 ಇಟ್ಟು ನೋಡಿದರೆ ಸರ್ಕಾರದ ಒತ್ತು ಎಲ್ಲಿದೆ ಎಂದು ಗೊತ್ತಾಗುತ್ತದೆ. ತರಬೇತಿ ಸಾವಿರಗಟ್ಟಲೆ, ಕೈಕೆಲಸ ನೂರರ ಲೆಕ್ಕ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಪಾಠಗಳು ಗಟ್ಟಿಯಾಗಿವೆ, ಖಾತೆ ತೆರೆದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಆದರೆ ಓದುವ ಕ್ರಮ ಮುಖ್ಯ. ಸೈಬರ್ ಭದ್ರತೆಯ ಪರಿಚಯದ ಕೋರ್ಸು ಸುಮಾರು ಆರು ಗಂಟೆಯದ್ದು. ಅದನ್ನು ಮುಗಿಸಿ ಸರ್ಟಿಫಿಕೇಟು ತೆಗೆದುಕೊಂಡು ಅಲ್ಲಿಗೇ ನಿಲ್ಲಿಸುವವರು ಬಹಳ. ಆ ಒಂದು ಕಾಗದ ಯಾವ ಸಂದರ್ಶನದಲ್ಲೂ ಕೆಲಸಕ್ಕೆ ಬರುವುದಿಲ್ಲ. ಅದರ ನಂತರ ನೆಟ್‌ವರ್ಕಿಂಗ್ ಬೇಸಿಕ್ಸ್, ನೆಟ್‌ವರ್ಕ್ ಉಪಕರಣಗಳ ಆರಂಭಿಕ ಹೊಂದಾಣಿಕೆ, ಎಂಡ್‌ಪಾಯಿಂಟ್ ಸೆಕ್ಯುರಿಟಿ, ನೆಟ್‌ವರ್ಕ್ ಡಿಫೆನ್ಸ್, ಕೊನೆಗೆ ಥ್ರೆಟ್ ಮ್ಯಾನೇಜ್‌ಮೆಂಟ್. ಇವಿಷ್ಟನ್ನೂ ಇದೇ ಸಾಲಿನಲ್ಲಿ ಮುಗಿಸಿದರೆ ಜೂನಿಯರ್ ಅನಲಿಸ್ಟ್ ಕೆಲಸಕ್ಕೆ ಬೇಕಾದ ತಳಪಾಯ ಆಗುತ್ತದೆ.

ಎಡವುವುದು ನೆಟ್‌ವರ್ಕಿಂಗ್ ಪಾಠ ಹಾರಿಸಿದಾಗ. ಹ್ಯಾಕಿಂಗ್ ಕಲಿಯಲು ಬಂದವರಿಗೆ ಸಬ್‌ನೆಟ್ ಲೆಕ್ಕ, ಅಂದರೆ ಜಾಲದ ವಿಳಾಸಗಳನ್ನು ತುಂಡು ಮಾಡಿ ಹಂಚುವ ಲೆಕ್ಕ, ಬೇಜಾರು. ಆದರೆ 192.168.10.0/26 ಎಂದರೆ 64 ವಿಳಾಸ, ಅದರಲ್ಲಿ ಉಪಯೋಗಕ್ಕೆ ಬರುವುದು 62, ಹಾಗಾಗಿ 192.168.10.70 ಎಂಬ ಯಂತ್ರ ಮುಂದಿನ ತುಂಡಿನಲ್ಲಿದೆ ಎಂದು ಪೆನ್ನು ಹಿಡಿಯದೆ ಹೇಳಲು ಬಾರದಿದ್ದರೆ ಫೈರ್‌ವಾಲ್ ನಿಯಮ ಓದಲಾಗುವುದಿಲ್ಲ. ಒಂದು ನಿಯಮ ಯಾವ ಯಂತ್ರಕ್ಕೆ ತಾಗುತ್ತದೆ, ಯಾವುದಕ್ಕೆ ತಾಗುವುದಿಲ್ಲ ಎಂಬುದೇ ಈ ಉದ್ಯೋಗದ ದಿನನಿತ್ಯದ ಕೆಲಸ. ಪರದೆಯ ಮೇಲೇ ಜಾಲ ಕಟ್ಟಿ ಅಭ್ಯಾಸ ಮಾಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅಕಾಡೆಮಿ ಖಾತೆಯಿಂದಲೇ ಲಾಗಿನ್ ಆಗಬೇಕಾದ್ದರಿಂದ ಕಾಲೇಜು ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲದ ದಿನ ಅದು ತೆರೆಯದೆ ಕಾಡುತ್ತದೆ.

ಪಾಠ ಇಂಗ್ಲಿಷಿನಲ್ಲಿದೆ ಎಂಬುದು ನಮ್ಮ ಜಿಲ್ಲೆಗಳಿಗೆ ನಿಜವಾದ ತೊಡಕು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಐಎಸ್‌ಇಎ ಯೋಜನೆಯ ಜಾಗೃತಿ ಪುಸ್ತಿಕೆಗಳು ಕನ್ನಡದಲ್ಲೂ ಸಿಗುತ್ತವೆ, ಆದರೆ ಅವು ಸಾರ್ವಜನಿಕರಿಗೆ. ವೃತ್ತಿಗೆ ಬೇಕಾದ ಪಾಠ ಕನ್ನಡದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮಾಡಿದ ಹುಡುಗರಿಗೆ ವಿಷಯ ಬೇಗ ಹತ್ತುತ್ತದೆ, ವಾಕ್ಯ ಹತ್ತುವುದಿಲ್ಲ. ಒಪ್ಪಂದದಲ್ಲಿ ಕನ್ನಡ ಉಪಶೀರ್ಷಿಕೆಯ ಒಂದು ಷರತ್ತು ಸೇರಿಸಲು ಸರ್ಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ. ಇದನ್ನು ಕಾಲೇಜುಗಳು ಒತ್ತಾಯಿಸಿ ಕೇಳಬೇಕು.

ಪಾಠ ಸಿಕ್ಕಿತು, ಪ್ರಯೋಗಾಲಯ? ಸರ್ಕಾರದ ಯೋಜನೆಗಳಲ್ಲಿ ತೆಳುವಾಗಿರುವುದು ಇದೇ. ಆದರೆ ಕಾಲೇಜು ಮನಸ್ಸು ಮಾಡಿದರೆ ಲ್ಯಾಬಿನಲ್ಲಿ ಈಗಾಗಲೇ ಇರುವ ಒಂದು ಕಂಪ್ಯೂಟರಿನಲ್ಲೇ ಕಟ್ಟಬಹುದು. ಬೇಕಾದ್ದು ನಾಲ್ಕು ಕೋರ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರು ಓಡಿಸುವ ತಂತ್ರಾಂಶ) ಹಾಕಿ ಒಂದು ಉಬುಂಟು ಸರ್ವರ್, ಅದರ ಮೇಲೆ ವಾಜು. ಈ ವಾಜು ಲಾಗ್‌ಗಳನ್ನು ಒಂದೆಡೆ ಸೇರಿಸಿ ದಾಳಿಯ ಎಚ್ಚರಿಕೆ ಕೊಡುವ ಪುಕ್ಕಟೆ, ಮುಕ್ತ ತಂತ್ರಾಂಶ. ದೊಡ್ಡ ಕಂಪನಿಗಳ ನಿಗಾ ಕೊಠಡಿಗಳಲ್ಲಿ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ತಂತ್ರಾಂಶ ಮಾಡುವ ಕೆಲಸವನ್ನೇ ಮಾಡುತ್ತದೆ. ಅದಕ್ಕೆ 8 ಜಿಬಿ ರ‍್ಯಾಮ್, 50 ಜಿಬಿ ಡಿಸ್ಕ್ ಕೊಡಬೇಕು. ಅದೇ ಯಂತ್ರದಲ್ಲಿ ದಾಳಿ ಮಾಡಿ ಪರೀಕ್ಷಿಸಲು ಬಳಸುವ 2 ಜಿಬಿಯ ಕಾಲಿ ಲಿನಕ್ಸ್, 1 ಜಿಬಿ ಕೊಟ್ಟರೆ ಸಾಕಾಗುವ, ಅಭ್ಯಾಸಕ್ಕೆಂದೇ ತೂತು ಬಿಟ್ಟು ಮಾಡಿದ ಮೆಟಾಸ್ಪ್ಲಾಯ್ಟಬಲ್. ಪಕ್ಕದ ವಿಂಡೋಸ್ ಕಂಪ್ಯೂಟರಿನಲ್ಲಿ ವಿವರವಾದ ಲಾಗ್ ಬರೆಯುವ ಸಿಸ್‌ಮಾನ್ ಮತ್ತು ಅದನ್ನು ಸರ್ವರಿಗೆ ಕಳಿಸುವ ವಾಜು ಏಜೆಂಟ್.

ತಪ್ಪಾಗುವ ಜಾಗಗಳು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ವಾಜು ಹಾಕಿದರೆ ಸೂಚ್ಯಂಕ ಮಾಡುವ ಭಾಗಕ್ಕೆ ಮೆಮೊರಿ ಸಾಲದೆ ಅದು ಸದ್ದಿಲ್ಲದೆ ಸಾಯುತ್ತದೆ. ಪರದೆ ತೆರೆಯುತ್ತದೆ, ಎಚ್ಚರಿಕೆ ಒಂದೂ ಕಾಣುವುದಿಲ್ಲ. ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆಫ್ ಇದ್ದರೆ 64 ಬಿಟ್ ಯಂತ್ರ ಶುರುವೇ ಆಗುವುದಿಲ್ಲ. ವಿಂಡೋಸಿನಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೆ ಎಲ್ಲ ಆಮೆಗತಿ. ಮೆಟಾಸ್ಪ್ಲಾಯ್ಟಬಲನ್ನು ಬ್ರಿಡ್ಜ್ ಮೋಡಿನಲ್ಲಿ ಬಿಟ್ಟರೆ ತೂತುಗಳೇ ತುಂಬಿದ ಯಂತ್ರವೊಂದು ಕಾಲೇಜಿನ ಜಾಲಕ್ಕೆ ತೆರೆದುಕೊಳ್ಳುತ್ತದೆ. ಅದು ಆ ಕಂಪ್ಯೂಟರಿನ ಒಳಗೇ ಉಳಿಯುವ ಹೋಸ್ಟ್-ಓನ್ಲಿ ಮೋಡಿನಲ್ಲೇ ಇರಬೇಕು. ಇನ್ನೊಂದು ಸಣ್ಣದು, ಬಹಳ ಜನರ ತಲೆ ಕೆಡಿಸುವುದು: ಸರ್ವರಿನ ಗಡಿಯಾರ ಜಾಗತಿಕ ಕಾಲಮಾನ ಯುಟಿಸಿಯಲ್ಲಿ, ವಿಂಡೋಸ್ ಭಾರತೀಯ ಕಾಲಮಾನದಲ್ಲಿ. ಐದೂವರೆ ಗಂಟೆಯ ವ್ಯತ್ಯಾಸ. ಮಧ್ಯಾಹ್ನ ಮೂರಕ್ಕೆ ನಡೆದ ದಾಳಿ ಲಾಗಿನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಕೂತಿರುತ್ತದೆ, ವಿದ್ಯಾರ್ಥಿ ಮೂರು ಗಂಟೆಯ ಸುತ್ತ ಹುಡುಕುತ್ತಿರುತ್ತಾನೆ.

ಕಟ್ಟಿದ ಮೇಲೆ ಮೊದಲ ಅಭ್ಯಾಸ ಇದಾಗಲಿ. ಕಾಲಿಯಿಂದ ನಿಮ್ಮದೇ ವಿಂಡೋಸ್ ಯಂತ್ರವನ್ನು ದೂರದಿಂದ ತೆರೆಯುವ ರಿಮೋಟ್ ಡೆಸ್ಕ್‌ಟಾಪ್‌ಗೆ ತಪ್ಪು ಪಾಸ್‌ವರ್ಡುಗಳ ಸಾಲು ಹೊಡೆಯಿರಿ, ಕೊನೆಗೆ ಸರಿಯಾದದ್ದು ಕೊಡಿ. ಲಾಗಿನಲ್ಲಿ 4625 ಎಂಬ ಘಟನೆ ಸಾಲುಸಾಲಾಗಿ ಬಂದು, ಅದೇ ವಿಳಾಸದಿಂದ ಒಂದು 4624 ಬರುತ್ತದೆ. ಮೊದಲಿನದು ಸೋತ ಲಾಗಿನ್, ಎರಡನೆಯದು ಗೆದ್ದದ್ದು. ಈ ಸಾಲು ಕಂಡರೆ ಯಾರೋ ಒಳಗೆ ಬಂದಾಯಿತು ಎಂದರ್ಥ. ರಿಮೋಟ್ ಡೆಸ್ಕ್‌ಟಾಪ್ ಎಂದರೆ ಲಾಗಿನ್ ವಿಧ 10 ಎಂದು ಪುಸ್ತಕದಲ್ಲಿರುತ್ತದೆ. ಆದರೆ ನೆಟ್‌ವರ್ಕ್ ಹಂತದ ದೃಢೀಕರಣ ಆನ್ ಇದ್ದಾಗ ಸೋತ ಯತ್ನಗಳು ವಿಧ 3 ಎಂದು ದಾಖಲಾಗುತ್ತವೆ. 10ನ್ನೇ ಹುಡುಕುವವನಿಗೆ ದಾಳಿ ಕಾಣುವುದೇ ಇಲ್ಲ. ಸಂದರ್ಶನದಲ್ಲಿ ಇಂಥದ್ದನ್ನು ವಿವರಿಸಬಲ್ಲವರಿಗೆ ಹತ್ತು ಸರ್ಟಿಫಿಕೇಟುಗಳಿಗಿಂತ ಹೆಚ್ಚು ಬೆಲೆ. ಇದೆಲ್ಲ ನಿಮ್ಮ ಯಂತ್ರದ ಮೇಲೆ ಮಾತ್ರ. ಅನುಮತಿ ಇಲ್ಲದೆ ಬೇರೆಯವರ ವ್ಯವಸ್ಥೆಗೆ ಕೈ ಹಾಕಿದರೆ ಐಟಿ ಕಾಯ್ದೆಯ 43 ಮತ್ತು 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಲಿಯುತ್ತಿದ್ದೆ ಎಂಬ ಸಬೂಬು ನಡೆಯುವುದಿಲ್ಲ.

ಕೇಂದ್ರ ಸರ್ಕಾರದ ಕಡೆಯಿಂದ ಗಂಭೀರವಾಗಿ ಶಿಫಾರಸು ಮಾಡಬಹುದಾದ್ದು ಅದರ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಸ್ನಾತಕೋತ್ತರ ಡಿಪ್ಲೊಮಾ, ಡಿಐಟಿಐಎಸ್‌ಎಸ್. 24 ವಾರ, 900 ಗಂಟೆ. ನೆಟ್‌ವರ್ಕ್, ಲಿನಕ್ಸ್ ಆಡಳಿತ, ರಕ್ಷಣೆ, ಸೈಬರ್ ಫೊರೆನ್ಸಿಕ್ಸ್, ಆಡಿಟ್ ಎಲ್ಲ ಬರುತ್ತದೆ, ಮುಗಿಯುವಾಗ ಪ್ಲೇಸ್‌ಮೆಂಟ್ ಇರುತ್ತದೆ. ಬೆಂಗಳೂರಿನಲ್ಲೂ ನಡೆಯುತ್ತದೆ. ಪ್ರವೇಶಕ್ಕೆ ಸಿ-ಕ್ಯಾಟ್ ಪರೀಕ್ಷೆ, ವರ್ಷಕ್ಕೆ ಎರಡು ಸಲ. ಈ ಕೋರ್ಸಿಗೆ ಎ ಮತ್ತು ಬಿ ವಿಭಾಗ ಬರೆಯಬೇಕು. ಒಂದೊಂದರಲ್ಲಿ 50 ಪ್ರಶ್ನೆ, ಸರಿಗೆ ಮೂರು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ನಮ್ಮ ಕಡೆಯ ವಿದ್ಯಾರ್ಥಿಗಳು ಬಿ ವಿಭಾಗದ ಸಿ ಪ್ರೋಗ್ರಾಮಿಂಗ್ ಮತ್ತು ಡೇಟಾ ಸ್ಟ್ರಕ್ಚರ್ ಪ್ರಶ್ನೆಗಳನ್ನು ಹಗುರವಾಗಿ ತೆಗೆದುಕೊಂಡು ರ‍್ಯಾಂಕ್ ಕಳೆದುಕೊಳ್ಳುತ್ತಾರೆ. ಪಾಯಿಂಟರ್ ಮತ್ತು ರಿಕರ್ಷನ್ ಇರುವ ತುಣುಕು ಕೊಟ್ಟು ಉತ್ತರ ಏನು ಬರುತ್ತದೆ ಎಂದು ಕೇಳುವ ಪ್ರಶ್ನೆಗಳನ್ನು ಕಾಗದದ ಮೇಲೆ ಬಿಡಿಸಿ ಅಭ್ಯಾಸ ಮಾಡಬೇಕು. ಇದು ಪುಕ್ಕಟೆಯಲ್ಲ. ಶುಲ್ಕದ ಜೊತೆ ಆರು ತಿಂಗಳ ಬೆಂಗಳೂರಿನ ಖರ್ಚೂ ಸೇರುತ್ತದೆ. ಆದರೂ ಖಾಸಗಿ ಸಂಸ್ಥೆಗಳು ವಾರಾಂತ್ಯದ ತರಗತಿಗೆ ಕೇಳುವ ದುಡ್ಡಿನ ಮುಂದೆ ಇದು ನ್ಯಾಯವಾದ ವ್ಯಾಪಾರ.

ಕೇಂದ್ರದ ಆನ್‌ಲೈನ್ ಕಲಿಕಾ ತಾಣವಾದ ಸ್ವಯಂ ವೇದಿಕೆಯ ಎನ್‌ಪಿಟೆಲ್ ಕೋರ್ಸುಗಳು ಪುಕ್ಕಟೆ, ಪರೀಕ್ಷೆಗೆ ಮಾತ್ರ ಶುಲ್ಕ. ಸಿದ್ಧಾಂತಕ್ಕೆ ಒಳ್ಳೆಯವು, ಗೂಢಲಿಪಿ ಶಾಸ್ತ್ರ ಕಲಿಯಲು ಇದಕ್ಕಿಂತ ಚೆನ್ನಾದ ದಾರಿ ಇಲ್ಲ. ಕೇಂದ್ರ ಐಟಿ ಸಚಿವಾಲಯ ಮತ್ತು ಐಟಿ ಉದ್ಯಮಗಳ ಒಕ್ಕೂಟ ನಾಸ್ಕಾಂ ಸೇರಿ ನಡೆಸುವ ಫ್ಯೂಚರ್‌ಸ್ಕಿಲ್ಸ್ ಪ್ರೈಮ್‌ನಲ್ಲೂ ಸೈಬರ್ ಭದ್ರತೆ ಇದೆ. ಪುಕ್ಕಟೆ ಪರೀಕ್ಷೆ ಎಂಬ ಕಾರಣಕ್ಕೆ ಬಹಳ ಜನ ಬರೆಯುವ ಐಎಸ್‌ಸಿ2 ಸಂಸ್ಥೆಯ ಸಿಸಿ ಪ್ರಮಾಣಪತ್ರ ಸರ್ಕಾರದ್ದಲ್ಲ; ಪಾಸಾದ ಮೇಲೆ ಅದನ್ನು ಉಳಿಸಿಕೊಳ್ಳಲು ವರ್ಷಕ್ಕೆ 50 ಡಾಲರ್ ಕಟ್ಟಬೇಕು ಎಂಬುದನ್ನು ನೋಂದಣಿಗೆ ಮುಂಚೆಯೇ ತಿಳಿದಿರಲಿ.

ಕಲಿಕೆಗೆ ನಾಲ್ಕು ಅಂಕ. ಕನ್ನಡ ಮತ್ತು ಪ್ರಯೋಗಾಲಯ ಎರಡೂ ಇದ್ದಿದ್ದರೆ ಐದಕ್ಕೆ ಐದೂ ಕೊಡಬಹುದಿತ್ತು.

ಪ್ರಯೋಗಾಲಯದ ಮಾತು ಬಂದಾಗ ಚಳ್ಳಕೆರೆ ನೆನಪಾಗದೆ ಇರದು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸಿಗೆ 1,500 ಎಕರೆ ಜಾಗವಿದೆ, ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ವಸತಿ ಸಹಿತ ತರಬೇತಿ ನಡೆದುಕೊಂಡು ಬಂದಿದೆ. ಸೈಸೆಕ್‌ನ ಆಧಾರ ಸಂಸ್ಥೆಯೂ ಅದೇ. ಎರಡೂ ಜಿಲ್ಲೆಗಳ ಎಂಜಿನಿಯರಿಂಗ್, ಡಿಪ್ಲೊಮಾ ಅಧ್ಯಾಪಕರಿಗೆ ಎರಡು ವಾರದ ಸೈಬರ್ ಪ್ರಯೋಗ ಶಿಬಿರವನ್ನು ಅಲ್ಲೇ ನಡೆಸಿದರೆ ಬೆಂಗಳೂರಿಗೆ ಓಡುವುದು ತಪ್ಪುತ್ತದೆ. ಕೋಣೆ ಇದೆ, ಸಂಸ್ಥೆ ಇದೆ, ನೀತಿಯಲ್ಲಿ ದುಡ್ಡೂ ಇದೆ. ಒಬ್ಬ ಅಧ್ಯಾಪಕರಿಗೆ ಕೈಕೆಲಸ ಬಂದರೆ ವರ್ಷಕ್ಕೆ ಅರವತ್ತು ಮಂದಿಗೆ ಬಂದ ಹಾಗೆ.

ಈಗ ಉದ್ಯಮ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್, ಅಂದರೆ ಎಸ್‌ಟಿಪಿಐ ಕೇಂದ್ರ ಇರುವುದರಿಂದ ಕೂರಲು ಜಾಗ, ಒಳ್ಳೆಯ ಇಂಟರ್ನೆಟ್ ಸಂಪರ್ಕಕ್ಕೆ ಒಂದು ದಾರಿ ಇದೆ. ರಾಜ್ಯದ ನೀತಿಯಲ್ಲಿ ಸ್ಟಾರ್ಟಪ್ ಕರ್ನಾಟಕದಡಿ ನೋಂದಾಯಿಸಿದ ಕಂಪನಿಗಳಿಗೆ ಎರಡು ಮುಖ್ಯ ನೆರವು. ಒಂದು, ಸಂಶೋಧನಾ ವೆಚ್ಚದ ಅರ್ಧದಷ್ಟು, 50 ಲಕ್ಷದ ಮಿತಿಯೊಳಗೆ, ರಾಜ್ಯದ ವಿದ್ಯಾಸಂಸ್ಥೆಯ ಜೊತೆ ಸೇರಿ ಮಾಡುವ ಕೆಲಸಕ್ಕೆ. ನಮ್ಮ ಊರಿನಲ್ಲಿ ಇಷ್ಟು ಕಾಲೇಜುಗಳಿರುವುದರಿಂದ ಇದು ನಮಗೆ ಹೇಳಿ ಮಾಡಿಸಿದ್ದು. ಆದರೆ ಅರ್ಧ ಎಂದರೆ ಇನ್ನರ್ಧ ನಿಮ್ಮ ಕೈಯಲ್ಲಿರಬೇಕು.

ಎರಡನೆಯದು ಭದ್ರತಾ ಆಡಿಟ್ (ತಂತ್ರಾಂಶದಲ್ಲಿ ತೂತು ಇದೆಯೇ ಎಂಬ ತಪಾಸಣೆ) ಖರ್ಚಿನ ಮರುಪಾವತಿ, ಕಂಪನಿಗೆ ಒಂದು ಲಕ್ಷದವರೆಗೆ. ಆಡಿಟ್ ಮಾಡುವವರು ಕರ್ನಾಟಕದಲ್ಲಿರುವ, ಸರ್ಟ್-ಇನ್ (ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಪಟ್ಟಿಯಲ್ಲಿರುವ ಸಂಸ್ಥೆಯೇ ಆಗಬೇಕು. ಇದು ಸಣ್ಣ ಕಂಪನಿಗೆ ಬಹಳ ಬೆಲೆಯ ನೆರವು, ಏಕೆಂದರೆ ಸರ್ಕಾರಿ ಇಲಾಖೆಗೋ ಬ್ಯಾಂಕಿಗೋ ತಂತ್ರಾಂಶ ಮಾರಲು ಹೋದರೆ ಮೊದಲು ಕೇಳುವುದೇ ಈ ಪ್ರಮಾಣಪತ್ರ. ಕೆಲಸ ಸಾಗುವುದು ಹೀಗೆ: ವ್ಯಾಪ್ತಿ ಗೊತ್ತುಮಾಡುವುದು, ಮೊದಲ ಸುತ್ತಿನ ಪರೀಕ್ಷೆ, ದೋಷಗಳ ವರದಿ, ನೀವು ಸರಿಪಡಿಸುವುದು, ಮರುಪರೀಕ್ಷೆ, ಪ್ರಮಾಣಪತ್ರ. ಬೆಲೆ ನಿಂತಿರುವುದು ವ್ಯಾಪ್ತಿಯ ಮೇಲೆ. ಎಷ್ಟು ಪುಟ, ಎಷ್ಟು ಎಪಿಐ (ಬೇರೆ ತಂತ್ರಾಂಶಗಳ ಜೊತೆಗಿನ ಕೊಂಡಿ), ಎಷ್ಟು ಬಗೆಯ ಬಳಕೆದಾರರು ಎಂದು ಎಣಿಸಿ ಬರೆದು ಕೊಡದೆ ದರ ಕೇಳಿದರೆ ಆಡಿಟರ್ ಹೆಚ್ಚೇ ಹೇಳುತ್ತಾರೆ, ಇಲ್ಲವೇ ಕಡಿಮೆ ಹೇಳಿ ಅರ್ಧ ಮಾತ್ರ ನೋಡುತ್ತಾರೆ.

ಇಲ್ಲಿ ದಿನಗಳು ಹಾಳಾಗುವುದು ಸಣ್ಣ ಸಣ್ಣ ಕಾರಣಗಳಿಗೆ. ಪರೀಕ್ಷೆಗೆ ಎಲ್ಲ ಹಂತದ ಬಳಕೆದಾರರ ಖಾತೆ ಕೊಟ್ಟಿರುವುದಿಲ್ಲ. ಒಂದೊಂದು ಹಂತಕ್ಕೂ ಎರಡೆರಡು ಖಾತೆ ಬೇಕು, ಒಬ್ಬನ ಮಾಹಿತಿ ಇನ್ನೊಬ್ಬನಿಗೆ ಕಾಣುತ್ತದೆಯೇ ಎಂದು ನೋಡುವುದು ಹಾಗೆಯೇ. ಆಡಿಟರ್‌ನ ಐಪಿ ವಿಳಾಸವನ್ನು ನಿಮ್ಮದೇ ಫೈರ್‌ವಾಲ್ ತಡೆದಿರುತ್ತದೆ. ಪರೀಕ್ಷೆ ನಡೆಯುವಾಗಲೇ ಹೊಸ ಕೋಡ್ ಏರಿಸಿರುತ್ತೀರಿ, ಆಗ ವರದಿಗೂ ವ್ಯವಸ್ಥೆಗೂ ತಾಳೆಯಾಗುವುದಿಲ್ಲ. ಮರುಪರೀಕ್ಷೆ ಎಷ್ಟು ಸಲ ಎಂದು ಕರಾರಿನಲ್ಲಿ ಬರೆಸಿಕೊಂಡಿರುವುದಿಲ್ಲ, ಎರಡನೇ ಮರುಪರೀಕ್ಷೆಗೆ ಬೇರೆ ಬಿಲ್ಲು ಬರುತ್ತದೆ. ಮರುಪಾವತಿ ಕೇಳುವಾಗ ಇನ್‌ವಾಯ್ಸ್ ನೋಂದಾಯಿತ ಕಂಪನಿಯ ಹೆಸರಿನಲ್ಲೇ ಇರಬೇಕು, ಪಾವತಿ ಕಂಪನಿಯ ಖಾತೆಯಿಂದಲೇ ಆಗಿರಬೇಕು. ಮಾಲೀಕರ ಸ್ವಂತ ಫೋನಿನಿಂದ ಯುಪಿಐ ಮಾಡಿದ್ದು ನಮ್ಮ ಕಡೆ ಮಾಮೂಲು, ಆದರೆ ಅದು ಕಡತದಲ್ಲಿ ನಿಲ್ಲುವುದು ಕಷ್ಟ. ಸ್ಟಾರ್ಟಪ್ ಕರ್ನಾಟಕ ನೋಂದಣಿಯನ್ನು ಆಡಿಟ್‌ಗೆ ಮೊದಲೇ ಮುಗಿಸಿ. ಆಡಿಟ್ ಸಂಸ್ಥೆ ಆ ದಿನಾಂಕಕ್ಕೆ ಸರ್ಟ್-ಇನ್ ಪಟ್ಟಿಯಲ್ಲಿ ಇತ್ತು ಎಂಬುದಕ್ಕೆ ಪಟ್ಟಿಯ ಪ್ರತಿ ಇಳಿಸಿಟ್ಟುಕೊಳ್ಳಿ, ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ.

ಇದಕ್ಕೆ ಮೂರು ಅಂಕ. ಮರುಪಾವತಿಗಿಂತ ಆಡಿಟ್ ಸಂಸ್ಥೆಗೆ ನೇರವಾಗಿ ಸಲ್ಲುವ ಚೀಟಿ ಕೊಟ್ಟರೆ ಕೈಯಲ್ಲಿ ಬಂಡವಾಳ ಇಲ್ಲದವರಿಗೂ ತಲುಪುತ್ತದೆ.

ಕೊನೆಗೆ ಕೊಳ್ಳುವವರು. ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ನಾಲ್ಕು ಹಂತದ ಸೈಬರ್ ಭದ್ರತಾ ಚೌಕಟ್ಟು ಹೊರಡಿಸಿತು. ಅತಿ ಸಣ್ಣ ಬ್ಯಾಂಕಿಗೂ, ಅಂದರೆ ಮೊದಲ ಹಂತದಲ್ಲೂ, ಬ್ಯಾಂಕಿನ ಸ್ವಂತ ಇಮೇಲ್ ಡೊಮೇನ್, ಅದರ ಹೆಸರಿನಲ್ಲಿ ನಕಲಿ ಇಮೇಲ್ ಹೋಗದಂತೆ ಡಿಮಾರ್ಕ್ ರಕ್ಷಣೆ, ಕೋರ್ ಬ್ಯಾಂಕಿಂಗ್‌ಗೆ ಎರಡು ಹಂತದ ದೃಢೀಕರಣ, ಪಾಸ್‌ವರ್ಡ್ ನಿಯಮ, ಸಿಬ್ಬಂದಿಗೆ ತಿಳಿವಳಿಕೆ ಕಡ್ಡಾಯ. ಇಷ್ಟನ್ನೂ ಊರಿನ ಎರಡು ಮೂರು ಜನರ ಕಂಪನಿಯೊಂದು ಮಾಡಿಕೊಡಬಹುದು. ಡಿಮಾರ್ಕ್ ಒಂದನ್ನೇ ನೋಡಿ. ನೇರವಾಗಿ ರಿಜೆಕ್ಟ್ ಎಂದು ಹಾಕಿದರೆ ಗ್ರಾಹಕರಿಗೆ ಸ್ಟೇಟ್‌ಮೆಂಟ್ ಕಳಿಸುವ ಹೊರಗಿನ ಸಂಸ್ಥೆಯ ಇಮೇಲೂ ತಿರಸ್ಕಾರವಾಗುತ್ತದೆ. ಮೊದಲು ನನ್ (ಏನನ್ನೂ ತಡೆಯಬೇಡ) ಎಂದಿಟ್ಟು ಕೆಲವು ವಾರ ವರದಿ ನೋಡಬೇಕು, ಬ್ಯಾಂಕಿನ ಹೆಸರಿನಲ್ಲಿ ಯಾರ‍್ಯಾರು ಇಮೇಲ್ ಕಳಿಸುತ್ತಿದ್ದಾರೆ ಎಂದು ಪಟ್ಟಿ ಮಾಡಿ ಎಸ್‌ಪಿಎಫ್, ಡಿಕಿಮ್ (ಯಾರು ಕಳಿಸಬಹುದು ಎಂಬ ಪಟ್ಟಿ, ಇಮೇಲಿನ ಡಿಜಿಟಲ್ ಸಹಿ) ಸರಿಪಡಿಸಬೇಕು, ಆಮೇಲೆ ಕ್ವಾರಂಟೈನ್ (ಸ್ಪ್ಯಾಮಿಗೆ ತಳ್ಳು), ಕೊನೆಗೆ ರಿಜೆಕ್ಟ್. ಎಸ್‌ಪಿಎಫ್ ದಾಖಲೆಯಲ್ಲಿ ಡಿಎನ್‌ಎಸ್ ಹುಡುಕಾಟ ಹತ್ತು ಮೀರಿದರೆ ಇಡೀ ದಾಖಲೆಯೇ ದೋಷ ಎಂದಾಗುತ್ತದೆ. ಹೊಸ ಸೇವೆ ಸೇರಿಸುತ್ತಾ ಹೋದ ಬ್ಯಾಂಕುಗಳಲ್ಲಿ ಆಗುವುದು ಇದೇ.

ಆಸ್ಪತ್ರೆಗಳಿಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. 2023ರ ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿಯವರೆಗೆ ಹೋಗಬಹುದು. ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು. ನರ್ಸಿಂಗ್ ಹೋಮಿನ ಮನೆಬಳಕೆಯ ರೂಟರ್ ಇಷ್ಟು ದಿನದ ಲಾಗ್ ಇಡುವುದೇ ಇಲ್ಲ. ಒಂದು ಹಳೆಯ ಕಂಪ್ಯೂಟರಿನಲ್ಲಿ ಲಾಗ್ ಸರ್ವರ್ ಕೂರಿಸಿ ರೂಟರಿನಿಂದ ಅದಕ್ಕೆ ಕಳಿಸಬೇಕು.

ಕಾನೂನಿನ ಒತ್ತಡ ಇನ್ನೂ ಅಷ್ಟಾಗಿ ತಟ್ಟದ, ಅಪಾಯ ಮಾತ್ರ ಹೆಚ್ಚಿರುವ ಜಾಗ ಎಪಿಎಂಸಿಯ ಮಂಡಿಗಳು, ದಾವಣಗೆರೆಯ ಅಕ್ಕಿ ಗಿರಣಿಗಳು, ಚಳ್ಳಕೆರೆಯ ಎಣ್ಣೆ ಗಿರಣಿಗಳು. ಟ್ಯಾಲಿ ಇರುವ ಕಂಪ್ಯೂಟರನ್ನು ಮನೆಯಿಂದ ನೋಡಲು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389 ಪೋರ್ಟ್ ತೆರೆದಿಡುವುದು, ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡುವುದು ಈ ಅಳತೆಯ ಕಚೇರಿಗಳಲ್ಲಿ ಆಗುವ ಎರಡು ತಪ್ಪು. ಮೊದಲನೆಯದರಿಂದ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳಬರುತ್ತದೆ, ಎರಡನೆಯದರಿಂದ ಬ್ಯಾಕಪ್ಪೂ ಅದರ ಜೊತೆಗೇ ಬೀಗ ಬೀಳುತ್ತದೆ. ಪೋರ್ಟ್ ಮುಚ್ಚಿ ವೈರ್‌ಗಾರ್ಡ್ ವಿಪಿಎನ್ ಹಾಕುವುದು, ಎರಡು ಡಿಸ್ಕನ್ನು ಸರದಿಯಲ್ಲಿ ಬಳಸಿ ಒಂದನ್ನು ಯಾವಾಗಲೂ ಬಿಚ್ಚಿ ಬೀರುವಿನಲ್ಲಿಡುವುದು, ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಲೆಕ್ಕ ಮರಳಿ ತೆರೆದು ನೋಡುವುದು, ಇಷ್ಟು ಅರ್ಧ ದಿನದ ಕೆಲಸ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕೊಡುತ್ತಿರುವ ಪುಕ್ಕಟೆ ಸ್ವಚ್ಛಗೊಳಿಸುವ ತಂತ್ರಾಂಶಗಳು ಇಂಥವರಿಗೆ ಉಪಯೋಗವೇ, ಆದರೆ ಅವು ಮಾಲ್‌ವೇರ್ ಹುಡುಕಿ ತೆಗೆಯುತ್ತವೆ, ತೆರೆದ ಪೋರ್ಟ್ ಮುಚ್ಚುವುದಿಲ್ಲ. ಹಣ ಹೋದ ಮೇಲೆ 1930 ಸಹಾಯವಾಣಿ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇವೆ. ಹೋಗುವ ಮುಂಚೆ ಮನೆ ಬಾಗಿಲಿಗೆ ಬಂದು ಸರಿಮಾಡಿಕೊಡುವ ವ್ಯವಸ್ಥೆಗೆ ನೆರವಿಲ್ಲ.

ಈ ಭಾಗಕ್ಕೆ ಒಂದೇ ಅಂಕ. ನೀತಿಯ ಆಡಿಟ್ ಮರುಪಾವತಿಯ ಸಾಲಿಗೆ ಮೊದಲ ಹಂತದ ಸಹಕಾರಿ ಬ್ಯಾಂಕುಗಳನ್ನೂ ಸಣ್ಣ ಆಸ್ಪತ್ರೆಗಳನ್ನೂ ಸೇರಿಸಬೇಕು, ಕೆಲಸವನ್ನು ಅದೇ ಜಿಲ್ಲೆಯಲ್ಲಿ ನೋಂದಾಯಿಸಿದ ಕಂಪನಿಯಿಂದ ಮಾಡಿಸಿದರೆ ಆದ್ಯತೆ ಎಂದು ಬರೆಯಬೇಕು. ಆದೇಶ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ಪ್ರಯೋಗಾಲಯ ಕಟ್ಟಿ ಕಲಿತ ಮೂವರು ಸೇರಿ ಊರಿನ ಒಂದು ಸಹಕಾರಿ ಬ್ಯಾಂಕಿಗೆ ಹೋಗಿ, ರಿಸರ್ವ್ ಬ್ಯಾಂಕಿನ ಮೊದಲ ಹಂತದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಒಂದೊಂದರ ಮುಂದೆ ಆಗಿದೆ, ಆಗಿಲ್ಲ ಎಂದು ಗುರುತು ಹಾಕಿಕೊಡಬಹುದು. ಅದಕ್ಕೂ ಮೊದಲು ವ್ಯವಸ್ಥಾಪಕರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಯಾವ ಕಂಪ್ಯೂಟರು, ಯಾವ ದಿನಾಂಕ, ಯಾವ ಪರೀಕ್ಷೆ ಎಂಬುದು ಆ ಪತ್ರದಲ್ಲೇ ಇರಬೇಕು, ಆಡಳಿತ ಮಂಡಳಿಯ ಸಭೆಯ ನಡಾವಳಿಯಲ್ಲೂ ದಾಖಲಾಗಬೇಕು.